ಕೋಪರಖೈರಣೆಯ ಮಣ್ಣಿಗೆ ಒಂದು ಚಮಚ ಹೆಪ್ಪು

ಕೋಪರಖೈರಣೆಯನ್ನು ನೋಡಲೆಂದು ಯಾರೂ ಪ್ರವಾಸ ಬರುವುದಿಲ್ಲ. ಇಲ್ಲಿ ಗುಹೆಗಳಿಲ್ಲ, ಜಲಪಾತವಿಲ್ಲ, ಕೋಟೆ ಕೊತ್ತಲಗಳೂ ಇಲ್ಲ. ಅಜಂತಾ, ಮಹಾಬಳೇಶ್ವರ, ಸಿಂಗಾಪುರಗಳ ಬಗ್ಗೆ ಬರೆಯುವವರು ನಮ್ಮ ಸಂಘದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾನು ಬರೆಯಹೊರಟಿರುವುದು ಕೋಪರಖೈರಣೆಯ ನಮ್ಮ ತಾರಸಿಯಿಂದ ಕಾಸರಗೋಡು ಜಿಲ್ಲೆಯ ಪೆರ್ಲದವರೆಗಿನ ಒಂದು ಪಯಣದ ಬಗ್ಗೆ. ಆ ಪಯಣದಲ್ಲಿ ಮುಖ್ಯ ಪ್ರಯಾಣಿಕಳು ನಾನಲ್ಲ, ಒಂದು ಒಳ್ಳೆಮೆಣಸಿನ ಬಳ್ಳಿ. ಅದರ ಬೇರಿಗೆ ಅಂಟಿಕೊಂಡು ಟಿಕೇಟಿಲ್ಲದೆ ಹೋದ ಕೋಟ್ಯಂತರ ಬ್ಯಾಕ್ಟೀರಿಯಾಗಳೂ ಜೊತೆಗಿದ್ದವು. (ಒಳ್ಳೆಮೆಣಸು ಎಂದರೆ ಕಾಳುಮೆಣಸು. ಇಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ‘ಕಾಳಿ ಮಿರಿ’ ಎಂದರೆ ಬೇಗ ಅರ್ಥವಾದೀತು.)

ಮೊದಲು ಊರಿನ ಪರಿಚಯ. 1994ರಲ್ಲಿ ನಾನು ಮದುವೆಯಾಗಿ ಇಲ್ಲಿಗೆ ಬಂದಾಗ ವಾಶಿಗೆ ರೈಲು ಬಂದು ಎರಡು ವರ್ಷವಷ್ಟೇ ಆಗಿತ್ತು. ಅಲ್ಲಿಂದ ಮುಂದೆ ಬಸ್ಸು. ಠಾಣೆಯಿಂದ ವಾಶಿಗೆ ಹೋಗುವ ಟ್ರಾನ್ಸ್ ಹಾರ್ಬರ್ ರೈಲು ನಮ್ಮ ಬಾಗಿಲಿಗೆ ಬಂದದ್ದು 2004ರಲ್ಲಿ. ಅದಕ್ಕೂ ಮೊದಲು, ಅಂದರೆ 1970ರಲ್ಲಿ ಸಿಡ್ಕೋ ಸಂಸ್ಥೆ ಸ್ಥಾಪನೆಯಾಗಿ ಹೊಸ ನಗರ ಕಟ್ಟತೊಡಗುವ ಮುಂಚೆ, ಈ ಕರಾವಳಿಯ ಪಟ್ಟಿಯುದ್ದಕ್ಕೂ ಆಗ್ರಿ ಮತ್ತು ಕೋಳಿ ಜನರ ಹಳ್ಳಿಗಳು, ಭತ್ತದ ಗದ್ದೆಗಳು, ಉಪ್ಪಿನ ಆಗರಗಳು ಇದ್ದವು. ಈಗ ತೀನ್ ಟಾಕಿಯ ಸುತ್ತಮುತ್ತ ಒಂದಕ್ಕೊಂದು ಭುಜ ತಾಗಿಸಿ ನಿಂತ ರೋ ಹೌಸುಗಳನ್ನು ನೋಡಿದರೆ ಗದ್ದೆಯ ನೆನಪು ಯಾರಿಗೂ ಬರಲಿಕ್ಕಿಲ್ಲ. ಆದರೆ ಒಂದಡಿ ಅಗೆದು ನೋಡಿ. ಮೇಲೆ ಗುಡ್ಡದಿಂದ ತಂದು ಸುರಿದ ಮುರುಮ್, ಅದರ ಕೆಳಗೆ ಖಾಡಿಯ ಕಪ್ಪು ಜೇಡಿ. ಮಳೆಗಾಲದಲ್ಲಿ ನೀರು ಇಂಗುವುದಿಲ್ಲ, ಬೇಸಿಗೆಯಲ್ಲಿ ಕಲ್ಲಿನಂತೆ ಬಿರಿಯುತ್ತದೆ. ಒಂದು ಕಾಲಕ್ಕೆ ನಗರದ ಕಸ ಸುರಿಯುತ್ತಿದ್ದ ಜಾಗವೇ ಇಂದು ನೀವೆಲ್ಲ ಬೆಳಿಗ್ಗೆ ಓಡಲು ಹೋಗುವ ನಿಸರ್ಗ ಉದ್ಯಾನ. ಮಣ್ಣಿನ ವಿಷಯದಲ್ಲಿ ನಮ್ಮ ಊರು ಅಷ್ಟೇನೂ ಭಾಗ್ಯವಂತ ಊರಲ್ಲ.

ಹಾಗಿದ್ದರೂ ಇಲ್ಲಿ ಕನ್ನಡಿಗರ ಮನೆಗಳನ್ನು ಹೆಸರಿನ ಫಲಕ ನೋಡದೆ ಗುರುತಿಸಬಹುದು. ಕಿಟಕಿಯ ಗ್ರಿಲ್ಲಿನಿಂದ ಬಸಳೆಯ ಬಳ್ಳಿ ಇಳಿದಿದ್ದರೆ, ಎಣ್ಣೆಯ ಡಬ್ಬದಲ್ಲಿ ದೊಡ್ಡಪತ್ರೆ ಇದ್ದರೆ, ಮೂಲೆಯಲ್ಲೊಂದು ವೀಳ್ಯದೆಲೆಯ ಕುಡಿ ಹಬ್ಬಿದ್ದರೆ ಸಂಶಯವೇ ಬೇಡ, ಬೆಲ್ ಒತ್ತಿ ಕನ್ನಡದಲ್ಲಿಯೇ ಮಾತಾಡಬಹುದು. ಆದರೆ ಆಗಸ್ಟಿನ ಹೊತ್ತಿಗೆ ಈ ಗ್ರಿಲ್ ತೋಟಗಳ ಅವಸ್ಥೆ ನೋಡಲಾಗದು. ಜೂನಿನಲ್ಲಿ ನಗುತ್ತಿದ್ದ ತುಳಸಿ ಒಂದು ವಾರದಲ್ಲಿ ಕಪ್ಪಾಗಿ ನಿಂತಿರುತ್ತದೆ. ಮೆಣಸಿನ ಸಸಿಗಳು ಬುಡದಲ್ಲಿ ದಾರ ಕಟ್ಟಿದಂತೆ ಸಪೂರವಾಗಿ ಮಲಗಿಬಿಡುತ್ತವೆ. ವೀಳ್ಯದ ಬಳ್ಳಿಯ ಬುಡ ಕೊಳೆಯುತ್ತದೆ. ‘ದೃಷ್ಟಿಯಾಯಿತು’ ಎನ್ನುವವರಿದ್ದಾರೆ, ‘ನೀರು ಹೆಚ್ಚಾಯಿತು’ ಎನ್ನುವವರಿದ್ದಾರೆ. ಎರಡನೆಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ, ಆ ನೀರಿನಲ್ಲಿ ಈಜಿ ಬರುವ ಶಿಲೀಂಧ್ರದ್ದು.

ನಮ್ಮ ಬಳ್ಳಿಯ ಕಥೆ ಶುರುವಾಗುವುದು 1998ರಲ್ಲಿ. ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ ಆ ವರ್ಷ ನನ್ನ ಅಮ್ಮ ಮೊದಲ ಬಾರಿ ರೈಲಿನಲ್ಲಿ ಮುಂಬಯಿಗೆ ಬಂದರು. ಚೀಲದಲ್ಲಿ ಹಪ್ಪಳ, ಮಾವಿನ ಮಿಡಿಯ ಉಪ್ಪಿನಕಾಯಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ ನಾಲ್ಕು ಒಳ್ಳೆಮೆಣಸಿನ ತುಂಡುಗಳು. ಅಮ್ಮ ಮದುವೆಯಾಗಿ ಬಂದಾಗ ತನ್ನ ತವರಿನಿಂದ ತಂದು ಪೆರ್ಲದ ತೋಟದಲ್ಲಿ ಅಡಿಕೆ ಮರಕ್ಕೆ ಹಬ್ಬಿಸಿದ್ದ ಬಳ್ಳಿಯ ಕುಡಿ ಅದು. ಅದಕ್ಕೆ ಕೃಷಿ ಇಲಾಖೆಯ ಹೆಸರು ನಂಬರು ಯಾವುದೂ ಇಲ್ಲ. ಮನೆಯಲ್ಲಿ ‘ಅಮ್ಮನ ಬಳ್ಳಿ’ ಎಂದೇ ಹೆಸರು. ಕಾಳು ಸಣ್ಣದು, ಖಾರ ಜೋರು, ಸಾರಿಗೆ ನಾಲ್ಕು ಕಾಳು ಕುಟ್ಟಿ ಹಾಕಿದರೆ ಮೆಟ್ಟಿಲಲ್ಲಿಯೇ ಪರಿಮಳ. ನಮ್ಮ ಹಿತ್ತಲ ಮೂಲೆಯ ಡ್ರಮ್ಮಿನಲ್ಲಿ ನೆಟ್ಟ ತುಂಡುಗಳಲ್ಲಿ ಒಂದು ಬದುಕಿ, ನೀರಿನ ಪೈಪನ್ನು ಹಿಡಿದು ತಾರಸಿಯವರೆಗೆ ಏರಿತು.

2018ರ ಮಳೆಗಾಲ ನಿಮಗೂ ನೆನಪಿರಬಹುದು. ಕೇರಳದಲ್ಲಿ ನೆರೆ, ಕೊಡಗಿನಲ್ಲಿ ಗುಡ್ಡ ಕುಸಿತ. ನಮ್ಮ ಕಡೆ ಅಡಿಕೆಗೆ ಕೊಳೆರೋಗ ವಿಪರೀತವಾಗಿತ್ತು. ಸೆಪ್ಟೆಂಬರಿನಲ್ಲಿ ಅಣ್ಣನ ಫೋನು ಬಂತು. “ಅಡಿಕೆ ಹೋದದ್ದು ಹೋಯಿತು, ಬರುವ ವರ್ಷ ಆದೀತು. ಅಮ್ಮನ ಬಳ್ಳಿ ಒಂದೂ ಉಳಿಯಲಿಲ್ಲ ಮಾರಾಯ್ತಿ. ಎಲೆ ಕಪ್ಪಾಗಿ ಹದಿನೈದು ದಿನದಲ್ಲಿ ಪೂರಾ ಉದುರಿತು. ನಿನ್ನಲ್ಲಿ ಒಂದು ಉಂಟಲ್ಲ, ಅದನ್ನು ಜೋಪಾನ ಮಾಡು,” ಎಂದ. ಅಮ್ಮ ತೀರಿಕೊಂಡು ಆಗ ಮೂರು ವರ್ಷವಾಗಿತ್ತು. ಮರುವರ್ಷ ಜುಲೈಯಲ್ಲಿ ನಮ್ಮ ಡ್ರಮ್ಮಿನ ಬಳ್ಳಿಯ ಕೆಳಗಿನ ಎಲೆಗಳೂ ಹಳದಿಯಾಗತೊಡಗಿದವು.

ಈ ರೋಗಕ್ಕೆ ಸೊರಗು ರೋಗ ಎಂದು ಹೆಸರು. ತರುವವನು ಫೈಟಾಫ್ತೊರಾ. ಗ್ರೀಕ್ ಭಾಷೆಯಲ್ಲಿ ‘ಗಿಡ ನಾಶಕ’ ಎಂದರ್ಥ. ಇಂಗ್ಲಿಷ್ ಸಾಹಿತ್ಯ ಓದಿ ಬಿ.ಎ. ಮಾಡಿದ ನನಗೆ ಈ ಮನೆತನದ ಪರಿಚಯ ಐರ್ಲೆಂಡಿನ ಮೂಲಕ ಮೊದಲೇ ಇತ್ತು. 1845ರಿಂದ ಅಲ್ಲಿ ಬಟಾಟೆ ಬೆಳೆಯನ್ನು ಕೊಳೆಸಿ, ಸುಮಾರು ಹತ್ತು ಲಕ್ಷ ಜನರು ಸಾಯಲು ಕಾರಣವಾದದ್ದು ಇದರ ಒಡಹುಟ್ಟಿದ್ದೇ. ಅಡಿಕೆಯ ಕೊಳೆರೋಗವೂ ಇದೇ ಕುಲದ್ದು. ಹಿಂದಿನವರು ಇದನ್ನು ಶಿಲೀಂಧ್ರವೆಂದೇ ಎಣಿಸಿದ್ದರು. ಈಚಿನ ವಿಜ್ಞಾನಿಗಳು ಇದನ್ನು ಪಾಚಿಗಳ ಹತ್ತಿರದ ಬಂಧುವೆಂದು ಬೇರೆ ಪಂಕ್ತಿಯಲ್ಲಿ ಕೂರಿಸಿದ್ದಾರೆ. ತೋಟದವನಿಗೆ ಅದರಿಂದ ಏನೂ ವ್ಯತ್ಯಾಸವಿಲ್ಲ. ಅದು ನೀರಿನಲ್ಲಿ ಈಜುವ ಬೀಜಾಣುಗಳನ್ನು ಬಿಡುತ್ತದೆ, ಮಳೆಯ ಹನಿ ಸಿಡಿದಲ್ಲಿಗೆಲ್ಲ ಹೋಗುತ್ತದೆ ಎಂಬುದಷ್ಟೇ ಅವನಿಗೆ ಬೇಕಾದ ವಿಷಯ.

ನಮ್ಮ ಪಕ್ಕದ ರೋ ಹೌಸಿನ ಹುಡುಗಿ ಆಗ ವಾಶಿಯ ಒಂದು ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಓದುತ್ತಿದ್ದಳು. ಅವಳ ತಂದೆ ತಾಯಿ ಕುಂದಾಪುರದವರು. ಅವಳಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಉತ್ತರ ಹಿಂದಿಯಲ್ಲಿ ಬರುತ್ತದೆ. ಹಳದಿಯಾದ ಬಳ್ಳಿಯನ್ನು ನೋಡಿ, “ಆಂಟಿ, ಬೇರು ಕೊಡಿ,” ಎಂದು ಕನ್ನಡದಲ್ಲಿಯೇ ಕೇಳಿದಳು. ನಾಲ್ಕು ದಿನ ಕಳೆದು ಕಾಲೇಜಿನಿಂದ ಫೋಟೋ ಕಳಿಸಿದಳು. ಗಾಜಿನ ತಟ್ಟೆಯಲ್ಲಿ ಬಿಳಿ ಹತ್ತಿಯಂಥ ಬೂಷ್ಟು. ಅದು ಯಾವುದೆಂದು ಹೆಸರು ಹೇಳಲು ಅವಳ ಮೇಡಂ ಒಪ್ಪಲಿಲ್ಲ. ಕೊಳೆಯುವ ಬೇರಿಗೆ ಕೊಲೆ ಮಾಡಿದವನೂ ಬರುತ್ತಾನೆ, ಸಾವಿನ ಊಟಕ್ಕೆಂದು ಬೇರೆಯವರೂ ಬರುತ್ತಾರೆ, ನೋಡಿದ ಕೂಡಲೇ ಹೇಳುವುದು ಸರಿಯಲ್ಲ ಎಂದರಂತೆ. ಆ ಶಿಸ್ತು ನನಗೆ ಬಹಳ ಹಿಡಿಸಿತು.

ಇನ್ನೊಂದು ತಟ್ಟೆಯನ್ನು ನೋಡಲೆಂದು ಅವಳು ನನ್ನನ್ನೇ ಕಾಲೇಜಿಗೆ ಕರೆದೊಯ್ದಳು. ಅದರ ಒಂದು ಬದಿಯಲ್ಲಿ ಬೂಷ್ಟು, ಇನ್ನೊಂದು ಬದಿಯಲ್ಲಿ ಗೀರು ಎಳೆದಂತೆ ಒಂದು ಬ್ಯಾಕ್ಟೀರಿಯಾ. ಬೂಷ್ಟು ಎಲ್ಲ ಕಡೆ ಹಬ್ಬುತ್ತಾ ಬಂದು ಆ ಗೀರಿನಿಂದ ಒಂದು ಬೆರಳಿನಷ್ಟು ದೂರದಲ್ಲಿ, ಯಾರೋ ಗೆರೆ ಎಳೆದು ನಿಲ್ಲಿಸಿದಂತೆ ನಿಂತಿತ್ತು. ದೀಪ ಆರಿಸಿ ನೇರಳಾತೀತ ಬೆಳಕು ಹಾಯಿಸಿದಾಗ ಆ ಬ್ಯಾಕ್ಟೀರಿಯಾ ಬೆಳೆದ ತಟ್ಟೆ ಹಸಿರು ಮಿಶ್ರಿತ ಹಳದಿ ಬಣ್ಣದಲ್ಲಿ ಹೊಳೆಯಿತು. ಸ್ಯೂಡೋಮೊನಾಸ್ ಫ್ಲೂರೆಸೆನ್ಸ್ ಎಂದು ಅದರ ಹೆಸರು. ಫ್ಲೂರೆಸೆನ್ಸ್ ಎಂದರೆ ಹೊಳೆಯುವಂಥದ್ದು.

ಬ್ಯಾಕ್ಟೀರಿಯಾ ಎಂದರೆ ಕಾಯಿಲೆ, ಸಾಬೂನಿನ ಜಾಹೀರಾತಿನಲ್ಲಿ ಓಡಿಹೋಗುವ ಹಸಿರು ರಾಕ್ಷಸ ಎಂದು ಟೀವಿ ನಿಮಗೆ ಕಲಿಸಿದೆ. ಆದರೆ ನಿಮ್ಮ ಅಮ್ಮಂದಿರು ದಿನಾ ರಾತ್ರಿ ಮಲಗುವ ಮುಂಚೆ ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಹೆಪ್ಪು ಹಾಕುತ್ತಾರೆ. ಹೆಪ್ಪಿನಲ್ಲಿರುವುದು ಬ್ಯಾಕ್ಟೀರಿಯಾಗಳೇ. ಅವು ಮೊದಲು ಹೋಗಿ ಜಾಗ ಹಿಡಿದು, ಹಾಲಿನ ಸಕ್ಕರೆಯನ್ನು ತಿಂದು ಹುಳಿ ಮಾಡುತ್ತವೆ. ಆ ಹುಳಿಯಲ್ಲಿ ಕೆಡಿಸುವ ಬ್ಯಾಕ್ಟೀರಿಯಾಗಳು ತಲೆ ಎತ್ತಲಾರವು. ಹೆಪ್ಪು ಹಾಕದೆ ಹಾಗೆಯೇ ಬಿಟ್ಟ ಹಾಲೂ ಒಡೆಯುತ್ತದೆ, ಆದರೆ ಅದನ್ನು ಯಾರೂ ಊಟಕ್ಕೆ ಬಡಿಸುವುದಿಲ್ಲ. ಕೆಟ್ಟುಹೋದ ಹಾಲಿಗೆ ಆಮೇಲೆ ಎಷ್ಟು ಹೆಪ್ಪು ಸುರಿದರೂ ಮೊಸರಾಗದು. ಮಣ್ಣಿನ ವಿಷಯದಲ್ಲಿ ನಾನು ಕಲಿತದ್ದರಲ್ಲಿ ಮುಕ್ಕಾಲು ಪಾಲು ಈ ಒಂದು ಅಡುಗೆ ಮನೆಯ ಜ್ಞಾನದಲ್ಲಿಯೇ ಇದೆ.

ಬೇರಿನ ಸುತ್ತ ಏನು ನಡೆಯುತ್ತದೆ ಎಂದರೆ, ಗಿಡ ತಾನು ಮಾಡಿದ ಸಕ್ಕರೆಯಲ್ಲಿ ಸ್ವಲ್ಪವನ್ನು ಬೇರಿನ ಮೂಲಕ ಹೊರಗೆ ಬಿಡುತ್ತದೆ. ಆ ಸಿಹಿಗೆ ಒಳ್ಳೆಯವರೂ ಕೆಟ್ಟವರೂ ಮುತ್ತುತ್ತಾರೆ. ಬೆಳಿಗ್ಗೆ ಎಂಟೂಕಾಲರ ಠಾಣೆ ಲೋಕಲ್ಲಿನಲ್ಲಿ ಸೀಟಿನ ಮೇಲೆ ಕರವಸ್ತ್ರ ಹಾಕಿದವನು ಕೂತುಬಿಟ್ಟರೆ ಆಮೇಲೆ ಬಂದವನು ಎಷ್ಟು ದಾಂಡಿಗನಾದರೂ ನಿಂತೇ ಹೋಗಬೇಕಷ್ಟೆ? ಬೇರಿನ ಮೇಲೆಯೂ ಮೊದಲು ಕೂತವನದೇ ಜಾಗ. ಇನ್ನು ಕಬ್ಬಿಣದ ವಿಷಯ. ಹೆಚ್ಚುಕಡಿಮೆ ಎಲ್ಲ ಜೀವಿಗಳಿಗೂ ಕಬ್ಬಿಣ ಬೇಕು, ಮಣ್ಣಿನಲ್ಲಿ ಸುಲಭವಾಗಿ ಸಿಗುವ ಕಬ್ಬಿಣ ಕಡಿಮೆ. ಸ್ಯೂಡೋಮೊನಾಸ್ ಒಂದು ಅಂಟುವ ಪದಾರ್ಥವನ್ನು ಹೊರಗೆ ಬಿಟ್ಟು ಇದ್ದ ಕಬ್ಬಿಣವನ್ನೆಲ್ಲ ಬಾಚಿಕೊಳ್ಳುತ್ತದೆ. ಬೂಷ್ಟು ಉಪವಾಸ ಬೀಳುತ್ತದೆ. ನಾನು ಕಂಡ ಹಳದಿ ಹೊಳಪು ಆ ಪದಾರ್ಥದ್ದೇ. ಕ್ಲೋಪರ್ ಮತ್ತು ಸಂಗಡಿಗರು ಅಮೇರಿಕದಲ್ಲಿ ಇದನ್ನು ವಿವರಿಸಿದ ಪ್ರಬಂಧ 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಇದಲ್ಲದೆ ಕೆಲವು ತಳಿಗಳು ಬೂಷ್ಟನ್ನು ಕೊಲ್ಲುವ ಔಷಧವನ್ನೂ ತಯಾರಿಸುತ್ತವೆ. ಕೆಲವು ಬೇರಿನ ಬಳಿ ಕುಳಿತೇ ಇಡೀ ಗಿಡವನ್ನು ಎಚ್ಚರಿಸುತ್ತವೆ. ಆಗ ಎಲೆಗಳೂ ರೋಗಕ್ಕೆ ಮೊದಲೇ ಸಿದ್ಧವಾಗಿರುತ್ತವೆ.

ಇದರಲ್ಲಿ ನನಗೆ ಅತ್ಯಂತ ಸೋಜಿಗವೆನಿಸಿದ ಸಂಗತಿ ಗೋಧಿಯದ್ದು. ಅಮೇರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಒಂದೇ ಹೊಲದಲ್ಲಿ ವರ್ಷ ವರ್ಷವೂ ಗೋಧಿ ಬೆಳೆದರೆ ಮೊದಲು ಬೇರು ಕೊಳೆಯುವ ರೋಗ ಏರುತ್ತಾ ಹೋಗಿ, ಕೆಲವು ವರ್ಷಗಳ ನಂತರ ತಾನಾಗಿಯೇ ಇಳಿಯುತ್ತಿತ್ತು. ಕುಕ್, ವೆಲ್ಲರ್ ಮೊದಲಾದ ವಿಜ್ಞಾನಿಗಳು ಕಾರಣ ಹುಡುಕಿದಾಗ ಅಲ್ಲಿ ಹೆಚ್ಚಿಕೊಂಡಿದ್ದದ್ದು ಇದೇ ಹೊಳೆಯುವ ಸ್ಯೂಡೋಮೊನಾಸ್ ಮನೆತನ. ಅಂದರೆ ಮಣ್ಣೇ ಪೆಟ್ಟು ತಿಂದು ತನ್ನ ಹೆಪ್ಪನ್ನು ತಾನು ಕಟ್ಟಿಕೊಂಡಿತ್ತು. ನಮ್ಮ ಡ್ರಮ್ಮಿಗೆ ಅಷ್ಟು ವರ್ಷ ಕಾಯುವ ಪುರುಸೊತ್ತಿರಲಿಲ್ಲ.

ಈ ಬ್ಯಾಕ್ಟೀರಿಯಾ ಪುಡಿಯಾಗಿ ಅಂಗಡಿಯಲ್ಲಿ ಸಿಗುತ್ತದೆ. ಒಂದು ಗ್ರಾಂ ಪುಡಿಯಲ್ಲಿ ಸಾಮಾನ್ಯವಾಗಿ 10 ಕೋಟಿ ಜೀವಾಣು ಎಂದು ಪೊಟ್ಟಣದ ಮೇಲೆ ಬರೆದಿರುತ್ತದೆ. ಪುಡಿ ಬೇರೇನಲ್ಲ, ನಾವು ಮುಖಕ್ಕೆ ಹಚ್ಚುವ ಪೌಡರಿನ ಟಾಲ್ಕ್. ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ವಿದ್ಯಾಶೇಖರನ್ ಮತ್ತು ಮುತ್ತಮಿಳನ್ ಅವರು ಕಡಲೆಯ ಸೊರಗು ರೋಗಕ್ಕೆಂದು ಇಂಥ ಟಾಲ್ಕ್ ಮಿಶ್ರಣವನ್ನು 1995ರಲ್ಲಿ ಪ್ರಕಟಿಸಿದರು. ಒಳ್ಳೆಮೆಣಸಿಗೆ ಸಂಬಂಧಿಸಿದ ಕೆಲಸವಾದದ್ದು ಕೋಯಿಕ್ಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿ. ಆ ಸಂಸ್ಥೆಗೂ ನಮ್ಮ ಕಾಸರಗೋಡಿಗೂ ಹೊಕ್ಕುಳಬಳ್ಳಿಯ ಸಂಬಂಧವಿದೆ. ಕಾಸರಗೋಡಿನಲ್ಲಿ 1916ರಲ್ಲಿ ಮದರಾಸು ಸರಕಾರ ತೆರೆದ ತೆಂಗಿನ ಕೇಂದ್ರ 1970ರಲ್ಲಿ ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆಯಾಯಿತು. ಅದರ ಒಂದು ಕವಲು 1976ರಲ್ಲಿ ಕೋಯಿಕ್ಕೋಡಿನಲ್ಲಿ ಚಿಗುರಿ 1995ರಲ್ಲಿ ಈ ಸಾಂಬಾರ ಸಂಸ್ಥೆಯಾಯಿತು. ಸ್ಯೂಡೋಮೊನಾಸ್ ಜೊತೆಗೆ ಟ್ರೈಕೋಡರ್ಮ ಎಂಬ ಇನ್ನೊಂದನ್ನೂ ಅವರು ಮೆಣಸಿಗೆ ಹಾಕಲು ಹೇಳುತ್ತಾರೆ. ಟ್ರೈಕೋಡರ್ಮ ಬ್ಯಾಕ್ಟೀರಿಯಾ ಅಲ್ಲ, ಬೂಷ್ಟನ್ನೇ ತಿನ್ನುವ ಬೂಷ್ಟು. ಅದರದ್ದು ಇನ್ನೊಂದು ಲೇಖನಕ್ಕಾಗುವಷ್ಟು ಕಥೆ.

ಡ್ರಮ್ಮಿನ ಬಳ್ಳಿಗೆ ಪುಡಿ ಕಲಸಿದ ನೀರು ಹೊಯ್ದೆವು. ಅದು ಬದುಕಲಿಲ್ಲ. ಹುಡುಗಿ ಮೊದಲೇ ಹೇಳಿದ್ದಳು, ಇದು ರೋಗ ಬಂದ ಮೇಲೆ ಕೊಡುವ ಮಾತ್ರೆಯಲ್ಲ ಎಂದು. ಆದರೆ ತಾರಸಿಯ ಕಡೆಗಿದ್ದ ಮೇಲಿನ ಕುಡಿಗಳು ಇನ್ನೂ ಹಸಿರಾಗಿದ್ದವು. ಎಲೆ ಕಾಂಡಗಳನ್ನು ಚೆನ್ನಾಗಿ ನೋಡಿ ಕಲೆಯಿಲ್ಲದ ಹದಿನಾಲ್ಕು ತುಂಡುಗಳನ್ನು, ಒಂದೊಂದರಲ್ಲಿ ಮೂರು ಗೆಣ್ಣು ಇರುವಂತೆ, ಕತ್ತರಿಸಿದೆವು. ಹಳೆಯ ಮಣ್ಣು ಮುಟ್ಟದೆ ಹೊಸ ತೆಂಗಿನ ನಾರಿನ ಪುಡಿಯಲ್ಲಿ ನೆಟ್ಟೆವು. ಹತ್ತು ತುಂಡುಗಳಿಗೆ ಬ್ಯಾಕ್ಟೀರಿಯಾ, ನಾಲ್ಕಕ್ಕೆ ಬರಿಯ ನೀರು. “ಎಲ್ಲದಕ್ಕೂ ಹಾಕಿಬಿಡು, ಇದು ಅಮ್ಮನ ಬಳ್ಳಿ,” ಎಂದು ನಾನು ಅಂಗಲಾಚಿದರೂ ಅವಳು ಕೇಳಲಿಲ್ಲ. ಹೋಲಿಸಿ ನೋಡದೆ ತಿಳಿಯುವುದು ಹೇಗೆ ಎಂದಳು. ಹತ್ತರಲ್ಲಿ ಏಳು ಚಿಗುರಿದವು, ನಾಲ್ಕರಲ್ಲಿ ಒಂದು. ನಾನು ಕುಣಿದಾಡಿದೆ. ಹದಿನಾಲ್ಕು ತುಂಡುಗಳಿಂದ ಏನೂ ಸಿದ್ಧವಾಗುವುದಿಲ್ಲ ಆಂಟಿ, ನೂರಾರು ಬೇಕು ಎಂದು ಅವಳು ತಣ್ಣೀರೆರಚಿದಳು.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ರೈಲುಗಳು ನಿಂತವು. ಊರಿಗೆ ಒಯ್ಯಬೇಕಾದ ಬಳ್ಳಿಗಳು ತಾರಸಿಯಲ್ಲೇ ಉಳಿದವು, ನಾವೂ ಉಳಿದೆವು. ಏಪ್ರಿಲ್ ಮೇ ತಿಂಗಳ ಬಿಸಿಲಿನಲ್ಲಿ ಆ ಸಮಯವನ್ನು ಮಣ್ಣು ಬೇಯಿಸಲು ಉಪಯೋಗಿಸಿದೆವು. ಮಣ್ಣನ್ನು ಒದ್ದೆ ಮಾಡಿ, ತೆಳುವಾಗಿ ಹರಡಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಅಂಚು ಮುಚ್ಚಿ ಹೊದಿಸಿ, ಆರು ವಾರ ಹಾಗೆಯೇ ಬಿಡುವುದು. ಒಳಗಿನ ಬಿಸಿಗೆ ರೋಗದ ಬೀಜಾಣುಗಳು ಬಹುಮಟ್ಟಿಗೆ ಸಾಯುತ್ತವೆ. ಇದನ್ನು ನೋಡಿ ಹಳೆಯ ಗಾವ್‌ಠಾಣದ ಆಗ್ರಿ ಆಜಿ ಒಬ್ಬರು ಬೀದಿಯಿಂದಲೇ ನಕ್ಕರು. “ಇದು ನಮ್ಮ ರಾಬ್ ಅಲ್ಲವೇ?” ಎಂದು ಮರಾಠಿಯಲ್ಲಿ ಕೇಳಿದರು. ಕೊಂಕಣದಲ್ಲಿ ಮಳೆಗೆ ಮುಂಚೆ ಭತ್ತದ ಸಸಿ ಮಾಡುವ ಪಾತಿಯ ಮೇಲೆ ಸೆಗಣಿ, ತರಗೆಲೆ, ಕಡ್ಡಿ ಕಸ ಹರಡಿ ಬೆಂಕಿ ಕೊಡುವ ಪದ್ಧತಿಗೆ ರಾಬ್ ಎನ್ನುತ್ತಾರೆ. ಕಳೆ ಸಾಯುತ್ತದೆ, ಸಸಿ ಕೊಳೆಯುವುದು ತಪ್ಪುತ್ತದೆ. ನಮ್ಮ ಮನೆ ನಿಂತಿರುವ ಜಾಗದಲ್ಲಿಯೇ ಅವರು ಸೊಸೆಯಾಗಿ ಬಂದ ವರ್ಷ ರಾಬ್ ಸುಟ್ಟಿದ್ದರಂತೆ. ನಾನು ಮೂವತ್ತು ವರ್ಷದಿಂದ ವಾಸಿಸುವ ನೆಲದ ಬಗ್ಗೆ ಇಷ್ಟು ಹೇಳಬಲ್ಲ ಇನ್ನೊಬ್ಬರನ್ನು ನಾನು ಕಂಡಿಲ್ಲ. ನಿಮ್ಮ ಪೈಕಿ ಯಾರಾದರೂ ಇಂಥ ಹಿರಿಯರ ಮಾತನ್ನು ಬರೆದಿಟ್ಟುಕೊಂಡರೆ ಒಳ್ಳೆಯದಿತ್ತು.

ಆದರೆ ಬೇಯಿಸಿದ ಮಣ್ಣು ಖಾಲಿ ಮಾಡಿದ ಮನೆಯಂತೆ. ಯಾರು ಮೊದಲು ಹೊಕ್ಕರೆ ಅವರದೇ ವಾಸ. ಅದಕ್ಕೇ ಹಾಳೆ ತೆಗೆದ ಕೂಡಲೇ ಒಣಗಿದ ಸೆಗಣಿ ಗೊಬ್ಬರ, ಸ್ವಲ್ಪ ಬೇವಿನ ಹಿಂಡಿ ಬೆರೆಸಿ ನಮ್ಮ ಹೆಪ್ಪು ಹಾಕಿದೆವು. ನಾವು ಲೀಟರಿಗೆ 10 ಗ್ರಾಂನಂತೆ ಕಲಸುತ್ತೇವೆ, ನೀವು ಪೊಟ್ಟಣದ ಮೇಲಿನ ಅಳತೆಯನ್ನೇ ಅನುಸರಿಸಿ. ನಲ್ಲಿಯ ನೀರನ್ನು ರಾತ್ರಿಯಿಡೀ ತೆರೆದಿಟ್ಟು ಕ್ಲೋರಿನ್ ಹೋದ ಮೇಲೆ ಬಳಸಬೇಕು. ಸಂಜೆಯ ಹೊತ್ತು ಒದ್ದೆ ಮಣ್ಣಿಗೆ ಹೊಯ್ಯಬೇಕು, ಸುಡುಬಿಸಿಲಿನಲ್ಲಿ ಅಲ್ಲ. ಪುಡಿ ಮೂಗಿಗೆ ಹೋಗದಂತೆ ಬಟ್ಟೆ ಕಟ್ಟಿಕೊಂಡು, ಆಮೇಲೆ ಕೈ ತೊಳೆಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ ತಾರೀಖು ನೋಡಬೇಕು. ಒಂದು ಅಂಗಡಿಯವನು ಅವಧಿ ಮೀರಿ ಎಂಟು ತಿಂಗಳಾದ ಪೊಟ್ಟಣವನ್ನು ಬಿಸಿಲು ಬೀಳುವ ಗಾಜಿನ ಕಪಾಟಿನಿಂದ ತೆಗೆದುಕೊಟ್ಟು, “ಗೊಬ್ಬರಕ್ಕೆಂಥ ಎಕ್ಸ್‌ಪೈರಿ?” ಎಂದು ನಮಗೇ ಪಾಠ ಹೇಳಿದ. ಅದು ಗೊಬ್ಬರವಲ್ಲ, ಜೀವ. ಸತ್ತ ಮೇಲೆ ಉಳಿಯುವುದು ಮುಖದ ಪೌಡರು ಮಾತ್ರ. ತಾರಸಿಯ ಸೆಕೆಗೆ ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಹೆಚ್ಚು ಬಾಳಿಕೆಯದು. ಅದು ಗಟ್ಟಿ ಕವಚದೊಳಗೆ ನಿದ್ರೆ ಮಾಡುತ್ತಾ ಸೆಕೆಯನ್ನು ಕಳೆಯಬಲ್ಲದು. ಜಪಾನಿನವರು ಸೋಯಾ ಕಾಳನ್ನು ಹುದುಗಿಸಿ ನ್ಯಾಟೊ ಮಾಡುವುದು ಇದರ ತಳಿಯಿಂದಲೇ. ಅಂದರೆ ಅಡುಗೆ ಮನೆಗೂ ಇದು ಹೊಸಬನಲ್ಲ.

2022ರ ಫೆಬ್ರವರಿಯಲ್ಲಿ ತಾರಸಿಯ ಬಳ್ಳಿಗಳಿಂದ ಮತ್ತೆ ತುಂಡು ಮಾಡಿ ಚೀಲಗಳಲ್ಲಿ ಬೇರು ಬರಿಸಿ, ಮೇ ಕೊನೆಯಲ್ಲಿ ಹನ್ನೆರಡು ಸಸಿಗಳೊಂದಿಗೆ ಹೊರಟೆವು. ಕೋಪರಖೈರಣೆಯಿಂದ ಪನವೇಲಿಗೆ ನೇರ ಲೋಕಲ್, ಪನವೇಲಿನಲ್ಲಿ ನೇತ್ರಾವತಿ ಎಕ್ಸ್‌ಪ್ರೆಸ್. ಬಾಳೆಹಣ್ಣಿನ ಕ್ರೇಟಿನಲ್ಲಿ ನಿಲ್ಲಿಸಿದ ಸಸಿಗಳನ್ನು ಬರ್ತಿನ ಕೆಳಗಿಟ್ಟು, ಸುರಂಗ ಬಂದಾಗಲೆಲ್ಲ ಬಗ್ಗಿ ನೋಡುತ್ತಿದ್ದ ನನ್ನನ್ನು ಕಂಡು ಎದುರು ಸೀಟಿನ ಮಲಯಾಳಿ ಹೆಂಗಸು ‘ಒಳಗೆ ಬೆಕ್ಕಿದೆಯಾ’ ಎಂದು ಕೇಳಿದರು. ಕಾಸರಗೋಡಿನಲ್ಲಿ ಇಳಿದು, ಬದಿಯಡ್ಕದ ಮೇಲಿನಿಂದ ಪೆರ್ಲದ ಬಸ್ಸು.

ಅಣ್ಣ ಸಸಿಗಳನ್ನು ಇಳಿಸಿಕೊಂಡ, ಆದರೆ ಪುಡಿಯ ಪೊಟ್ಟಣವನ್ನು ಸಂಶಯದಿಂದ ನೋಡಿದ. ಅವನ ಸಂಶಯಕ್ಕೆ ಕಾರಣವುಂಟು. ನಮ್ಮ ಎಣ್ಮಕಜೆ ಪಂಚಾಯತಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು ಬಲ್ಲವನು ಅವನು. ಅದು ಕೀಟನಾಶಕ, ಶಿಲೀಂಧ್ರಕ್ಕೆ ಹೊಡೆಯುವ ಮದ್ದಲ್ಲ, ಆದರೆ ಆಗಲೂ ‘ಏನೂ ಆಗುವುದಿಲ್ಲ’ ಎಂದೇ ಹೇಳಿದ್ದರು. ಪಡ್ರೆಯ ಮಕ್ಕಳ ಚಿತ್ರಗಳನ್ನು ನೀವು ನೋಡಿರಬಹುದು. ಸುಪ್ರೀಂ ಕೋರ್ಟು ಅದನ್ನು ದೇಶಾದ್ಯಂತ ನಿಲ್ಲಿಸಿದ್ದು 2011ರಲ್ಲಿ. “ಪೊಟ್ಟಣದಲ್ಲಿ ಬಂದದ್ದನ್ನೆಲ್ಲ ನಂಬುವ ಕಾಲ ಹೋಯಿತು. ಇದೆಂಥದ್ದು, ಮೊದಲು ಹೇಳು,” ಎಂದ. ಹೆಪ್ಪಿನ ಕಥೆ ಹೇಳಿದೆ. ಅತ್ತಿಗೆ ಒಳಗಿನಿಂದಲೇ, “ಹಾಗಾದರೆ ಸರಿ,” ಎಂದರು. ಅಣ್ಣನ ಮುಂದಿನ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ: “ಮೇಲಿನಿಂದ ಬೋರ್ಡೋ ಬೀಳುತ್ತದಲ್ಲ, ಆಗ ನಿನ್ನ ಬ್ಯಾಕ್ಟೀರಿಯಾ ಬದುಕುತ್ತದಾ?”

ಬೋರ್ಡೋ ದ್ರಾವಣದ ಬಗ್ಗೆ ನಿಮಗೆ ಹೇಳಬೇಕು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು. ಫ್ರಾನ್ಸಿನಲ್ಲಿ ದ್ರಾಕ್ಷಿಗಾಗಿ ಮಿಲಾರ್ದೆ ಎಂಬವರು 1885ರಲ್ಲಿ ಪ್ರಕಟಿಸಿದ ಈ ಮದ್ದನ್ನು ಮೈಸೂರು ಸಂಸ್ಥಾನದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬಳಸಿ ತೋರಿಸಿದವರು ಕೆನಡಾದಿಂದ 1908ರಲ್ಲಿ ಬಂದ ಲೆಸ್ಲಿ ಕೋಲ್ಮನ್. ನೂರು ವರ್ಷ ಕಳೆದರೂ ಮಳೆಗಾಲದ ಆರಂಭದಲ್ಲೊಮ್ಮೆ, ಒಂದೂವರೆ ತಿಂಗಳು ಬಿಟ್ಟು ಇನ್ನೊಮ್ಮೆ, ಕಾಲಿಗೆ ತಳೆ ಹಾಕಿ ಜಾರುವ ಮರ ಏರಿ ಈ ಮದ್ದು ಬಿಡುವವನಿಲ್ಲದೆ ಅಡಿಕೆ ಉಳಿಯುವುದಿಲ್ಲ. ಮದ್ದು ಸರಿಯಾಗಿದೆಯೋ ನೋಡಲು ಅಣ್ಣ ಕತ್ತಿಯ ಮೊನೆಯನ್ನು ಅದ್ದುತ್ತಾನೆ. ಕಬ್ಬಿಣಕ್ಕೆ ಕೆಂಪು ತಾಮ್ರ ಹಿಡಿದರೆ ಇನ್ನಷ್ಟು ಸುಣ್ಣ ಬೇಕೆಂದರ್ಥ. ಬ್ಯಾಕ್ಟೀರಿಯಾ ಹಾಕಿ ಬೋರ್ಡೋ ಬಿಟ್ಟುಬಿಡಿ ಎಂದು ನಾನು ಯಾರಿಗೂ ಹೇಳಲಾರೆ. ನೂರಡಿ ಎತ್ತರದ ಗೊನೆಯ ಮೇಲೆ, ಆ ಮಳೆಯಲ್ಲಿ, ಈ ಪುಡಿ ನಿಲ್ಲುವುದನ್ನು ನಾನು ನೋಡಿಲ್ಲ. ಆದರೆ ತಾಮ್ರ ಬೂಷ್ಟನ್ನು ಮಾತ್ರವಲ್ಲ, ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಮರದ ಮೇಲೆ ಅಡಿಕೆ, ಅದೇ ಮರದ ಬುಡದಲ್ಲಿ ಮೆಣಸು. ಒಂದರ ಮದ್ದು ಇನ್ನೊಂದರ ಹೆಪ್ಪಿನ ಮೇಲೆ ತೊಟ್ಟಿಕ್ಕುತ್ತದೆ.

ರಾತ್ರಿ ಹುಡುಗಿಗೆ ಫೋನು ಮಾಡಿದೆವು. ಅಷ್ಟರಲ್ಲಿ ಅವಳು ಪುಣೆಯಲ್ಲಿ ಎಂ.ಎಸ್ಸಿ. ಮಾಡುತ್ತಿದ್ದಳು. ತಾಮ್ರಕ್ಕೂ ಬ್ಯಾಕ್ಟೀರಿಯಾಕ್ಕೂ ನಡುವೆ ಕನಿಷ್ಠ ಹದಿನೈದು ದಿನ ಬಿಡಿ, ಮದ್ದು ಬಿಡುವ ದಿನ ಬುಡಕ್ಕೆ ಸೋಗೆ ಮುಚ್ಚಿ, ಎರಡನೆಯ ಮದ್ದಾದ ಮೇಲೆ ಇನ್ನೊಮ್ಮೆ ಪುಡಿ ಹಾಕಿ ಎಂದಳು. ಅಣ್ಣ ಅವಳ ಹಿಂದಿಯನ್ನು ತಾಳ್ಮೆಯಿಂದ ಕೇಳಿ, “ಹುಡುಗಿಗೆ ತೋಟ ಗೊತ್ತುಂಟು,” ಎಂದ. ಅವಳು ಅಡಿಕೆ ತೋಟವನ್ನು ಚಿತ್ರದಲ್ಲಿ ಬಿಟ್ಟರೆ ನೋಡಿದವಳಲ್ಲ. ಅಣ್ಣನ ಮಗ ಬೆಂಗಳೂರಿನಲ್ಲಿ ಕಂಪ್ಯೂಟರಿನ ಮುಂದಿದ್ದಾನೆ, ತೋಟ ಕೊಡುವುದುಂಟೇ ಎಂದು ಕೇಳಿಕೊಂಡು ಆಗಲೇ ಇಬ್ಬರು ಬಂದುಹೋಗಿದ್ದರು. ಆ ವಿಷಯವನ್ನು ಆ ರಾತ್ರಿ ಯಾರೂ ಎತ್ತಲಿಲ್ಲ.

ಹಳೆಯ ಬಳ್ಳಿಗಳು ಸತ್ತ ಜಾಗವನ್ನು ಬಿಟ್ಟು, ನೀರು ನಿಲ್ಲದ ಮೇಲಿನ ಅಂಗಣದ ಬದಿಯಲ್ಲಿ ಹನ್ನೆರಡನ್ನೂ ನೆಟ್ಟೆವು. ಮೊದಲ ಮಳೆಗಾಲದಲ್ಲಿ ಎರಡು ಹೋದವು, ಮುಂದಿನ ವರ್ಷ ಇನ್ನೊಂದು. ಒಂಬತ್ತು ಏರಿವೆ. ಮೂರನೆಯ ವರ್ಷ ಅವುಗಳಲ್ಲಿ ನಾಲ್ಕು ಕರೆ ಬಿಟ್ಟವು (ಮೆಣಸಿನ ಗೊಂಚಲಿಗೆ ನಮ್ಮಲ್ಲಿ ಕರೆ ಎನ್ನುತ್ತಾರೆ). ಅಣ್ಣ ಒಣಗಿಸಿ ಅಂಚೆಯಲ್ಲಿ ಕಳಿಸಿದ ಕಾಳು ಒಂದು ಮುಷ್ಟಿಯೂ ಇರಲಿಲ್ಲ. ಸಾರು ಮಾಡಿದ ದಿನ ನಮ್ಮ ಮನೆಯವರು ಕಚೇರಿಯಿಂದ ಬಂದು ಚಪ್ಪಲಿ ಬಿಡುತ್ತಾ, “ಇವತ್ತು ಅಮ್ಮನ ಮೆಣಸಾ?” ಎಂದು ಕೇಳಿದರು.

ಇಲ್ಲಿ ನಮ್ಮ ತಾರಸಿಯಲ್ಲಿ ಈಗ ಇಪ್ಪತ್ತು ಚೀಲಗಳಿವೆ. ಬಸಳೆ, ತುಳಸಿ, ವೀಳ್ಯದೆಲೆಗೂ ಅದೇ ಮಣ್ಣು ಹಾಕಿಕೊಡುತ್ತೇನೆ. ಬೇಕಾದವರು ಮೇ ತಿಂಗಳೊಳಗೆ ಚೀಲ ತೆಗೆದುಕೊಂಡು ಬನ್ನಿ. ಮಳೆ ಬಿದ್ದ ಮೇಲೆ ಬಂದರೆ ಚಹಾ ಸಿಗುತ್ತದೆ, ಸಸಿ ಕೊಡುವುದಿಲ್ಲ.